ಮೊದಲ ಟೈಮ್‌ಟೇಬಲ್ ಕೇಳ್ರಿ, ಆಮ್ಯಾಲೆ ಕೋರ್ಸ್ ಆರಿಸ್ರಿ

ಪಿಯುಸಿ ರಿಸಲ್ಟ್ ಬಂದು ಸಿಇಟಿ ರ‍್ಯಾಂಕ್ ಕೈಗೆ ಸಿಗುವ ಹೊತ್ತಿಗೆ, ಆಟಿಸಂ ಇರುವ ಮಕ್ಕಳ ಮನೆಗೆ ಬಂದವರೆಲ್ಲ ಒಂದೇ ಸಲಹೆ ಕೊಟ್ಟು ಹೋಗುತ್ತಾರೆ. "ಕಂಪ್ಯೂಟರ್ ಸೈನ್ಸ್ ಕೊಡಸ್ರಿ. ಒಬ್ಬಾಂವನ ಮಷಿನ್ ಮುಂದ ಕುಂತ್ರ ಆತು, ಮಂದಿ ಕೂಡ ಮಾತಾಡೋದ ಬ್ಯಾಡ."

ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಮಾತು ಖರೆ ಅಲ್ಲ. ಆ ನಾಲ್ಕು ವರ್ಷದಲ್ಲಿ ಗುಂಪು ಪ್ರಾಜೆಕ್ಟ್ ಇದೆ, ಸೆಮಿನಾರ್ ಇದೆ, ಇಂಟರ್ನ್‌ಶಿಪ್ ಇದೆ, ಲ್ಯಾಬ್ ಪರೀಕ್ಷೆಗೆ ವೈವಾ (ಬಾಯಿಮಾತಿನ ಪರೀಕ್ಷೆ) ಇದೆ. ಪ್ಲೇಸ್‌ಮೆಂಟಿಗೆ ಬರುವ ಎಷ್ಟೋ ಕಂಪನಿಗಳು ಗ್ರೂಪ್ ಡಿಸ್ಕಷನ್ ಇಟ್ಟಿರುತ್ತವೆ. ಕೆಲಸ ಸಿಕ್ಕಮೇಲೆ ದಿನಾ ಮುಂಜಾನೆ ಟೀಮ್ ಮೀಟಿಂಗು. ಕೋಡ್ ಬರೆಯುವುದನ್ನು ಖುಷಿಯಿಂದ ಮಾಡುವ ಹುಡುಗಿಗೆ ಇದೆಲ್ಲ ಸಹಿಸಲು ಒಂದು ಕಾರಣ ಇರುತ್ತದೆ. ಮಂದಿಯಿಂದ ತಪ್ಪಿಸಿಕೊಳ್ಳಲೆಂದು ಬಂದವಳಿಗೆ ಇರುವುದಿಲ್ಲ.

ಕೋರ್ಸಿನ ಹೆಸರು, ಸಂಬಳ, ಪಕ್ಕದ ಮನೆಯವರ ಮಗ ಏನು ಓದುತ್ತಾನೆ ಎಂಬುದೆಲ್ಲ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಆ ಕೋರ್ಸಿನ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತದೆ ಎಂಬುದನ್ನು. ಎಷ್ಟು ತಾಸು ಕೂತು ಕೇಳಬೇಕು, ಎಷ್ಟು ತಾಸು ನಿಂತು ಕೈಯಿಂದ ಮಾಡಬೇಕು, ಎಷ್ಟು ಮಾತಾಡಬೇಕು, ಯಾವ ಗದ್ದಲದಲ್ಲಿ, ಯಾವ ವಾಸನೆಯಲ್ಲಿ.

ಇದನ್ನು ಮನೆಯಲ್ಲೇ ಕೂತು ಅರ್ಧ ಮಟ್ಟಿಗೆ ತಿಳಿದುಕೊಳ್ಳಬಹುದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಆಗಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗಲಿ, ಪ್ರತಿ ಕೋರ್ಸಿನ ಸ್ಕೀಮ್ ಮತ್ತು ಸಿಲಬಸ್ ಅನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಸೆಮಿಸ್ಟರಿಗೊಂದು ಕೋಷ್ಟಕ, ಅದರಲ್ಲಿ ಪ್ರತಿ ವಿಷಯಕ್ಕೆ ವಾರಕ್ಕೆ ಎಷ್ಟು ತಾಸು ಪಾಠ, ಎಷ್ಟು ತಾಸು ಪ್ರಾಕ್ಟಿಕಲ್, ಇಂಟರ್ನಲ್ ಅಂಕ ಎಷ್ಟು, ಕೊನೆಯ ಪರೀಕ್ಷೆಗೆ ಎಷ್ಟು ಎಂದು ಇರುತ್ತದೆ. ಎಲ್ಲ ಸೆಮಿಸ್ಟರಿನ ಕೋಷ್ಟಕ ಪ್ರಿಂಟ್ ತೆಗೆಸಿ, ಮೂರು ಬಣ್ಣದ ಪೆನ್ ಹಿಡಿದುಕೊಂಡು ಕೂಡ್ರಿ. ಒಬ್ಬರೇ ಮಾಡುವುದಕ್ಕೆ ಹಸಿರು, ಗುಂಪಿನಲ್ಲಿ ಮಾಡುವುದಕ್ಕೆ ಹಳದಿ, ನಿಂತು ಬಾಯಿಬಿಟ್ಟು ಹೇಳುವುದಕ್ಕೆ ಕೆಂಪು. ಓದುವ ಹುಡುಗನೇ ಬಣ್ಣ ಹಾಕಬೇಕು, ಅಪ್ಪ-ಅವ್ವ ಅಲ್ಲ. ಕೆಂಪು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಒಟ್ಟುಗೂಡಿದೆ ಎಂದು ನೋಡ್ರಿ. ಆರು ಸೆಮಿಸ್ಟರ್ ಹಸಿರಾಗಿದ್ದು ಕೊನೆಯ ವರ್ಷ ಪೂರ್ತಿ ಕೆಂಪಾದ ಕೋರ್ಸುಗಳಿವೆ, ಜನ ಎಡವುವುದು ಅಲ್ಲಿ.

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ತೆಗೆದುಕೊಳ್ಳಿ. ಗಿಡದ ಹುಚ್ಚಿರುವ, ಎಲೆ ನೋಡಿ ಜಾತಿ ಹೇಳುವ ಹುಡುಗನಿಗೆ ಇದಕ್ಕಿಂತ ಒಳ್ಳೆಯದು ಯಾವುದು ಅನಿಸುತ್ತದೆ. ಕಸಿ ಕಟ್ಟುವುದು, ನರ್ಸರಿ, ಮಣ್ಣು ಪರೀಕ್ಷೆ ಎಲ್ಲ ಚೆಂದ ಹೊಂದುತ್ತವೆ. ಆದರೆ ಕೊನೆಯ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವ ಎಂದು ಒಂದು ಘಟ್ಟ ಬರುತ್ತದೆ. ಸಹಪಾಠಿಗಳ ತಂಡದೊಂದಿಗೆ ಹಳ್ಳಿಗೆ ಹೋಗಿ, ಗುರುತಿಲ್ಲದ ರೈತರ ಮನೆ ಬಾಗಿಲಿಗೆ ನಿಂತು ಮಾಹಿತಿ ಕೇಳಬೇಕು, ಪ್ರಾತ್ಯಕ್ಷಿಕೆ ಕೊಡಬೇಕು. ಇದು ಗೊತ್ತಿದ್ದು ಸೇರಿದರೆ ತಯಾರಿಗೆ ಮೂರು ವರ್ಷ ಸಿಗುತ್ತದೆ. ಗೊತ್ತಿಲ್ಲದೆ ಸೇರಿದರೆ ಒಂದು ವಾರವೂ ಸಿಗುವುದಿಲ್ಲ.

ಆಸಕ್ತಿಯ ಬಗ್ಗೆ ಒಂದು ಮಾತು. ಆಟಿಸಂ ಇರುವ ಅನೇಕರ ಆಸಕ್ತಿ ಬಾವಿಯಂತೆ, ಅಗಲ ಕಡಿಮೆ, ಆಳ ಭಾಳ. ಅದನ್ನು ಗೀಳು ಎಂದು ಬೈಯುವುದು ತಪ್ಪು. ಅದೇ ಹೆಸರಿನ ಡಿಗ್ರಿಗೆ ಕಣ್ಣುಮುಚ್ಚಿ ಹಚ್ಚುವುದೂ ಅಷ್ಟೇ ತಪ್ಪು. ಐಹೊಳೆ, ಪಟ್ಟದಕಲ್ಲಿನ ಪ್ರತಿ ಗುಡಿಯ ಶಿಖರದ ಶೈಲಿ ಹೇಳಬಲ್ಲವಳಿಗೆ ಬಿ.ಎ. ಇತಿಹಾಸದ ಪತ್ರಿಕೆಯಲ್ಲಿ ಬರುವುದು "ಕಾರಣಗಳನ್ನು ವಿಮರ್ಶಿಸಿ" ಎಂಬ ಪ್ರಶ್ನೆ. ಅವಳು ಗೊತ್ತಿದ್ದ ನಲವತ್ತು ವಿವರ ಬರೆಯುತ್ತಾಳೆ, ಕಾರಣ ಎಂಬ ಎಳೆ ಹಿಡಿಯುವುದಿಲ್ಲ, ಅಂಕ ಅರ್ಧ ಬರುತ್ತದೆ. ಹಾಗಂತ ಇತಿಹಾಸ ಬಿಡಬೇಕಿಲ್ಲ. ಪ್ರಬಂಧದ ಅಚ್ಚನ್ನು ಲೆಕ್ಕದ ಸೂತ್ರದಂತೆ ಕಲಿಸಬೇಕು. ಒಂದು ಕಾರಣ, ಅದಕ್ಕೆ ಎರಡು ವಿವರ, ಅದರಿಂದ ಏನಾಯಿತು, ಮುಂದಿನ ಕಾರಣ. ಹೀಗೆ ನಾಲ್ಕು ಸುತ್ತು. ಮುಂದೆ ಶಾಸನ ಓದುವುದು, ಹಸ್ತಪ್ರತಿ ಪಟ್ಟಿ ಮಾಡುವುದು, ಗ್ರಂಥಾಲಯ ವಿಜ್ಞಾನ ಇಂಥ ದಾರಿಗಳಿವೆ, ಅಲ್ಲಿ ವಿವರಕ್ಕೇ ಬೆಲೆ. ಪ್ರವಾಸಿ ಗೈಡ್ ಆಗು ಎಂದು ಮಾತ್ರ ಹೇಳಬ್ಯಾಡ್ರಿ. ಗೋಲಗುಮ್ಮಟದ ಒಳಗೆ ನಲವತ್ತು ಮಂದಿ ಒಮ್ಮೆಲೇ ಕೂಗಿ ಪ್ರತಿಧ್ವನಿ ಪರೀಕ್ಷೆ ಮಾಡುವಾಗ ನಿಂತವರಿಗೆ ಕಾರಣ ತಿಳಿಯುತ್ತದೆ.

ಇಂದ್ರಿಯಗಳ ತ್ರಾಸನ್ನು "ರೂಢಿ ಆಗ್ತದ ಬಿಡ್ರಿ" ಎಂದು ತಳ್ಳಿಹಾಕುವವರು ಹೆಚ್ಚು. ಎಷ್ಟೋ ಮಂದಿಗೆ ಅದು ರೂಢಿ ಆಗುವುದಿಲ್ಲ. ಬಿ.ಎಸ್ಸಿ. ರಸಾಯನಶಾಸ್ತ್ರದ ಲ್ಯಾಬನ್ನೇ ನೋಡ್ರಿ. ಟೈಟ್ರೇಷನ್, ಅಂದರೆ ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಪ್ರಯೋಗ, ಇಂಥ ವಿದ್ಯಾರ್ಥಿಗೆ ಹಬ್ಬ. ಬ್ಯೂರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಗಾಢ ಬಣ್ಣವಾದ್ದರಿಂದ ಮೇಲಿನ ಅಂಚಿನ ರೀಡಿಂಗ್, ಕೊನೆಗೆ ಒಂದೊಂದೇ ಹನಿ, ತಿಳಿ ಗುಲಾಬಿ ನಿಂತಿತೋ ಮುಗಿಯಿತು. ನಿಯಮ ಸ್ಪಷ್ಟ, ಕೊನೆ ಸ್ಪಷ್ಟ. ಮುಂದಿನ ವಾರ ಅದೇ ಕೋಣೆಯಲ್ಲಿ ಲವಣ ವಿಶ್ಲೇಷಣೆ. ಒಂದು ಕಡೆ ಅಮೋನಿಯಾ, ಇನ್ನೊಂದು ಕಡೆ ಕೊಳೆತ ತತ್ತಿಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಎಲ್ಲರೂ ಒಮ್ಮೆಲೇ ಬರ್ನರ್ ಹಚ್ಚಿರುತ್ತಾರೆ, ಮೇಲೆ ಎಕ್ಸಾಸ್ಟ್ ಫ್ಯಾನಿನ ಗುಂಯ್. ಹುಡುಗ ಅರ್ಧಕ್ಕೆ ಎದ್ದು ಹೊರಗೆ ಹೋಗುತ್ತಾನೆ, ರೆಕಾರ್ಡಿಗೆ ಸಹಿ ಬೀಳುವುದಿಲ್ಲ, ಇಂಟರ್ನಲ್ ಹೋಗುತ್ತದೆ. ಎಲ್ಲರೂ ವಿಷಯವೇ ಕಠಿಣ ಆಯಿತೆಂದು ತಿಳಿಯುತ್ತಾರೆ. ಕಿಟಕಿ ಪಕ್ಕದ ಬೆಂಚು, ಚಲೋ ಮಾಸ್ಕ್, ಕಿವಿಗೆ ಇಯರ್‌ಪ್ಲಗ್, ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿಬರಲು ಮೊದಲೇ ಅನುಮತಿ, ಇಷ್ಟರಲ್ಲಿ ಬಹಳ ಮಂದಿ ನಿಭಾಯಿಸುತ್ತಾರೆ. ಅಷ್ಟೂ ಮಾಡಿದ ಮೇಲೂ ಆಗದವರು ಗಣಿತ, ಸಂಖ್ಯಾಶಾಸ್ತ್ರದ ಕಾಂಬಿನೇಷನ್ ನೋಡುವುದು ಸೋಲಲ್ಲ.

ಬೆಳಗಾವಿಯ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗ ಕಡೆ ಹೋಗುವವರಿಗೂ ಇದೇ ಮಾತು. ಮೆಕ್ಯಾನಿಕಲ್ ಎಂದರೆ ಒಂದೇ ಜಗತ್ತಲ್ಲ. ಲೋಹ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕಾವು, ಧೂಳು, ಸದ್ದು. ಅದೇ ಕ್ಷೇತ್ರದಲ್ಲಿ ಮೆಟ್ರಾಲಜಿ (ನಿಖರ ಅಳತೆಯ) ಕೋಣೆಯೂ ಇದೆ. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಪ್ರಮಾಣ ಉಷ್ಣತೆ ಆದ್ದರಿಂದ ಅಲ್ಲಿ ಎಸಿ, ಬಾಗಿಲು ಮುಚ್ಚಿರುತ್ತದೆ, ಮೈಕ್ರೋಮೀಟರಿನಲ್ಲಿ 0.01 ಮಿಲಿಮೀಟರ್ ತಪ್ಪಿದರೂ ಹಿಡಿಯುವವರಿಗೇ ಅಲ್ಲಿ ಮರ್ಯಾದೆ. ಡಿಸೈನ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಪ್ರೋಗ್ರಾಮಿಂಗ್ ಕೂಡ ಹಾಗೆ. ಡಿಗ್ರಿಯೇ ಬೇಕೆಂದಿಲ್ಲ. ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ ತರಬೇತಿ. ಕೈ ಕೆಲಸದಲ್ಲಿ ತಲೆ ಓಡುವವರಿಗೆ ಅದು ಬಿ.ಇ.ಗಿಂತ ಹೆಚ್ಚು ಹೊಂದಬಹುದು. "ಡಿಪ್ಲೊಮಾ ಅಂದ್ರ ಮಂದಿ ಏನಂತಾರ" ಎನ್ನುವ ಬೀಗರನ್ನು ಬದಿಗಿಡ್ರಿ.

ಬಿ.ಕಾಂ. ಬಗ್ಗೆ ನಮ್ಮ ಕಡೆ ತಾತ್ಸಾರ ಇದೆ. ನನ್ನ ಲೆಕ್ಕದಲ್ಲಿ ಅದು ಭಾಳ ಮಂದಿ ನೋಡದೇ ಬಿಡುವ ಒಳ್ಳೆಯ ಬಾಗಿಲು. ಡೆಬಿಟ್-ಕ್ರೆಡಿಟ್ ನಿಯಮ ಬದಲಾಗುವುದಿಲ್ಲ, ಎರಡೂ ಕಡೆ ತಾಳೆಯಾದರೆ ಸರಿ, ಆಗದಿದ್ದರೆ ತಪ್ಪು ಎಲ್ಲೋ ಇದೆ, ಹುಡುಕಬಹುದು. ಎಡವುವುದು ಮುಂದೆ. ಸಿಎ ಆಗಲು ಮಾಡುವ ತರಬೇತಿಯಾದ ಆರ್ಟಿಕಲ್‌ಶಿಪ್‌ನಲ್ಲಿ ಆಡಿಟಿಗೆಂದು ಗಿರಾಕಿಗಳ ಆಫೀಸಿಗೆ ತಿರುಗಬೇಕು.

ಸಿಇಟಿ ರ‍್ಯಾಂಕ್ ನೋಡಿ ಮೋಸ ಹೋಗಬ್ಯಾಡ್ರಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ನಾಲ್ಕರಲ್ಲಿ ಒಂದು ಸರಿ. ಈ ಅಚ್ಚು ಇಂಥ ಅನೇಕ ಮಕ್ಕಳಿಗೆ ಹೊಂದುತ್ತದೆ. ವಿಟಿಯು ಥಿಯರಿ ಪತ್ರಿಕೆ ಬೇರೆ. ಮೂರು ತಾಸು, ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿನಲ್ಲಿ ಎರಡರಲ್ಲಿ ಒಂದು ಪ್ರಶ್ನೆ ಆರಿಸಬೇಕು. ಈ ಆರಿಸುವ ಕೆಲಸದಲ್ಲೇ ಹೊತ್ತು ಹೋಗುತ್ತದೆ. ಇದು ಮೇಲೋ ಅದು ಮೇಲೋ ಎಂದು ತೂಗುತ್ತ ಇಪ್ಪತ್ತು ನಿಮಿಷ ಕಳೆದವರು ಐದನೆಯ ಪ್ರಶ್ನೆ ಮುಟ್ಟುವುದಿಲ್ಲ. ಉಪಾಯ ಸರಳ. ಮೊದಲ ಹತ್ತು ನಿಮಿಷದಲ್ಲಿ ಐದಕ್ಕೂ ಗುರುತು ಹಾಕುವುದು, ಆಮೇಲೆ ಬದಲಿಸುವಂತಿಲ್ಲ ಎಂಬ ನಿಯಮ, ಒಂದೊಂದಕ್ಕೆ 34 ನಿಮಿಷ, ಕೈಗಡಿಯಾರ ಬೆಂಚಿನ ಮೇಲೆ. ಮನೆಯಲ್ಲಿ ಹಳೆಯ ಪತ್ರಿಕೆ ಇಟ್ಟು ಈ ಆರಿಸುವುದನ್ನಷ್ಟೇ ಇಪ್ಪತ್ತು ಸಲ ಮಾಡಿಸ್ರಿ, ಉತ್ತರ ಬರೆಸುವ ಅಗತ್ಯವೂ ಇಲ್ಲ.

ವೈವಾ ಇನ್ನೊಂದು ಗಂಟು. ಹೊರಗಿನ ಎಕ್ಸಾಮಿನರ್ ಪುಸ್ತಕ ಮಗುಚುತ್ತ "ಹಾಂ, ಈ ಎಕ್ಸ್‌ಪೆರಿಮೆಂಟ್ ಬಗ್ಗೆ ಏನರ ಹೇಳಪಾ" ಎನ್ನುತ್ತಾರೆ. ಏನಾದರೂ ಎಂದರೆ ಯಾವುದು? ಎಲ್ಲಿಂದ ಶುರು? ಹುಡುಗ ಸುಮ್ಮನೆ ನಿಲ್ಲುತ್ತಾನೆ, ಇಲ್ಲವೇ ಯಂತ್ರ ತಯಾರಿಸಿದ ಕಂಪನಿಯಿಂದ ಹಿಡಿದುಕೊಂಡು ಹೇಳತೊಡಗುತ್ತಾನೆ. ಎರಡಕ್ಕೂ ಅಂಕ ಇಲ್ಲ. ಪ್ರತಿ ಪ್ರಯೋಗಕ್ಕೂ ಉದ್ದೇಶ, ತತ್ವ, ಸೂತ್ರ, ಫಲಿತಾಂಶ, ಎಲ್ಲಿ ಬಳಸುತ್ತಾರೆ ಎಂಬ ಐದು ಸಾಲು ಬರೆದು ಇದೇ ಕ್ರಮದಲ್ಲಿ ಬಾಯಿಪಾಠ ಇರಲಿ. "ಏನರ ಹೇಳು" ಎಂದಾಗ ಈ ಐದು. ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಉತ್ತರ ಗೊತ್ತಿಲ್ಲವೆಂದು ಅರ್ಥವಲ್ಲ ಎಂಬುದನ್ನು ಒಳಗಿನ ಎಕ್ಸಾಮಿನರ್ ಮೂಲಕ ಮೊದಲೇ ಹೊರಗಿನವರ ಕಿವಿಗೆ ಹಾಕಿಸ್ರಿ.

ಕಾಗದಪತ್ರದ ಕೆಲಸ ಪಿಯುಸಿ ಮೊದಲ ವರ್ಷದಲ್ಲೇ ಶುರು ಆಗಬೇಕು. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಮುಂದೆ ಹೋಗಬೇಕು. ಆಟಿಸಂ ಅಳೆಯುವುದು ಐಎಸ್‌ಎಎ (ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ) ಎಂಬ 40 ಅಂಶಗಳ ಪಟ್ಟಿಯಿಂದ, ಒಂದೊಂದಕ್ಕೆ 1ರಿಂದ 5 ಅಂಕ, ಮೊತ್ತ 70ರಿಂದ 106 ಆದರೆ ಸೌಮ್ಯ. ಚೆನ್ನಾಗಿ ಮಾತಾಡುವ, ಎಲ್ಲರನ್ನೂ ಅನುಕರಿಸಿ ನಿಭಾಯಿಸಿಕೊಂಡು ಬಂದ ಹುಡುಗಿಯರಿಗೆ ಇಲ್ಲಿ ಅಂಕ ಕಡಿಮೆ ಬೀಳುವ ಸಂಭವ ಹೆಚ್ಚು. ಹೋಗುವಾಗ ಸಣ್ಣವಳಿದ್ದಾಗಿನ ವರದಿಗಳು, ಸಾಲಿಯ ಶಿಕ್ಷಕರ ಪತ್ರ, ಮನೆಯಲ್ಲಿ ಯಾವುದಕ್ಕೆ ಎಷ್ಟು ಸಹಾಯ ಬೇಕು ಎಂಬ ಪಟ್ಟಿ ಒಯ್ಯಿರಿ. "ನಮ್ಮಾಕಿ ಎಲ್ಲಾ ಮಾಡ್ತಾಳ್ರಿ" ಎಂದು ಅಭಿಮಾನದಿಂದ ಹೇಳುವ ಜಾಗ ಅದಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಪ್ರಮಾಣ ಇದ್ದವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಅನುದಾನ ಇಲ್ಲದ ಖಾಸಗಿ ಕಾಲೇಜಿಗೆ ಈ ಸೀಟಿನ ಕಲಂ ಅನ್ವಯ ಆಗುವುದಿಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಈ ಮೀಸಲಾತಿ ಕೇಳಿರಬೇಕು. ಪರೀಕ್ಷೆಯ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷ, ಅಂದರೆ ಮೂರು ತಾಸಿನ ಪತ್ರಿಕೆಗೆ ಒಂದು ತಾಸು. ಅದು ತಾನಾಗಿ ಸಿಗುವುದಿಲ್ಲ, ಅರ್ಜಿ ಕೊಟ್ಟು, ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದು ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು.

ಸಿಇಟಿ ಸೀಟಿಗೆ ಆಯ್ಕೆ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಕಾಲೇಜು ಮತ್ತು ಕೋರ್ಸ್ ಜೋಡಿಯಾಗಿಯೇ ಬರುತ್ತವೆ. ದೊಡ್ಡ ಹೆಸರಿನ ಕಾಲೇಜಿನ ಮೆಚ್ಚಿದ ಬ್ರಾಂಚಿಗಿಂತ, ಮನೆಯಿಂದ ಹೋಗಿಬರಬಹುದಾದ ಸಣ್ಣ ಕಾಲೇಜಿನ ಎರಡನೆಯ ಬ್ರಾಂಚನ್ನು ಮೇಲೆ ಹಾಕುವುದರಲ್ಲಿ ತಪ್ಪಿಲ್ಲ. ಮೊದಲ ಸುತ್ತಿನಲ್ಲಿ ಸಮಾಧಾನದ ಸೀಟು ಸಿಕ್ಕರೆ ಚಾಯ್ಸ್ 1 (ಈ ಸೀಟು ಒಪ್ಪಿಗೆ) ಒತ್ತಿ ಮುಗಿಸ್ರಿ. ಇನ್ನೂ ಮೇಲಿನದು ಸಿಗಬಹುದೆಂದು ಚಾಯ್ಸ್ 2 ಇಟ್ಟು ವಾರಗಟ್ಟಲೆ ತೂಗುಯ್ಯಾಲೆಯಲ್ಲಿ ಕೂಡಿಸುವುದು ಈ ಮಕ್ಕಳಿಗೆ ದೊಡ್ಡ ಶಿಕ್ಷೆ.

ಸೇರುವ ಮುಂಚೆ ಕಾಲೇಜಿಗೆ ಎರಡು ಸಲ ಹೋಗ್ರಿ, ಒಮ್ಮೆ ಖಾಲಿ ಇದ್ದಾಗ, ಒಮ್ಮೆ ಊಟದ ಬಿಡುವಿನಲ್ಲಿ. ಶೌಚಾಲಯ, ಕ್ಯಾಂಟೀನಿನ ಸದ್ದು, ಒಬ್ಬರೇ ಕೂಡಲು ಗ್ರಂಥಾಲಯದಲ್ಲಿ ಮೂಲೆ, ತರಗತಿಗೆ ತಗಡಿನ ಛಾವಣಿಯೋ ಸ್ಲ್ಯಾಬೋ ನೋಡ್ರಿ. ವಿಜಯಪುರದ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ಯಾರಿಗೂ ಓದು ತಲೆಗೆ ಹೋಗುವುದಿಲ್ಲ. ಬೆಳಗಾವಿಯಲ್ಲಾದರೆ ಭಾಷೆಯನ್ನೂ ಲೆಕ್ಕ ಹಿಡೀರಿ. ಪಾಠ ಇಂಗ್ಲಿಷಿನಲ್ಲಿ, ಕಾರಿಡಾರಿನಲ್ಲಿ ಮರಾಠಿ ಮತ್ತು ಹಿಂದಿ, ಮನೆಯಲ್ಲಿ ಕನ್ನಡ. ಮಾತಿನ ಒಳಾರ್ಥ ಹಿಡಿಯಲು ಮೊದಲೇ ಹೆಣಗುವವನಿಗೆ ಇದು ದಿನಾ ನಾಲ್ಕು ಪಟ್ಟು ದಣಿವು. ಹಾಸ್ಟೆಲ್ ಅನಿವಾರ್ಯ ಆದರೆ ರೂಮಿನಲ್ಲಿ ಎಷ್ಟು ಮಂದಿ, ಲೈಟ್ ಎಷ್ಟಕ್ಕೆ ಆರಿಸುತ್ತಾರೆ, ಮೆಸ್ಸಿನಲ್ಲಿ ಗದ್ದಲ ಕಡಿಮೆ ಇರುವ ಹೊತ್ತು ಯಾವುದು ಕೇಳ್ರಿ.

ಸೇರಿದ ವಾರವೇ ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕಾಯಿಲೆಯ ಕಥೆ ಬೇಡ, ಬೇಕಾದದ್ದಷ್ಟೇ ಇರಲಿ: ಟೈಮ್‌ಟೇಬಲ್ ಬದಲಾದರೆ ಹಿಂದಿನ ದಿನವೇ ಬರಹದಲ್ಲಿ ತಿಳಿಸಬೇಕು, ಒಂದೇ ಜಾಗದಲ್ಲಿ ಕೂಡಲು ಬಿಡಬೇಕು, ಗುಂಪು ಪ್ರಾಜೆಕ್ಟಿನಲ್ಲಿ ಯಾರ ಕೆಲಸ ಯಾವುದು ಎಂದು ಕಾಗದದ ಮೇಲೆ ಹಂಚಬೇಕು, ತ್ರಾಸಾದಾಗ ಮಾತಾಡಲು ಒಬ್ಬ ಮೇಷ್ಟ್ರ ಹೆಸರು ಗೊತ್ತಿರಬೇಕು. ವಿಟಿಯುನಲ್ಲಿ ಶೇ 85 ಹಾಜರಾತಿ ಬೇಕು, ಆದ್ದರಿಂದ ಬಿಟ್ಟ ದಿನಗಳ ವೈದ್ಯಕೀಯ ಚೀಟಿ ಆಗಿಂದಾಗ ಕೊಡುತ್ತಿರ್ರಿ, ಸೆಮಿಸ್ಟರ್ ಕೊನೆಗೆ ಒಟ್ಟಿಗೆ ಒಯ್ದರೆ ಯಾರೂ ನಂಬುವುದಿಲ್ಲ.

ಮೊದಲ ಎಂಟು ವಾರ ಅಂಕ ಕೇಳಬ್ಯಾಡ್ರಿ. ನಿದ್ದೆ, ಊಟ, ಸ್ನಾನ ಮೂರನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕ್ರಿ. ಭಾನುವಾರವೂ ಹಾಸಿಗೆಯಿಂದ ಏಳದೇ ಇರುವುದು, ಮೊದಲು ಮಾಡುತ್ತಿದ್ದ ಸಣ್ಣ ಕೆಲಸವೂ ಬಿಟ್ಟುಹೋಗುವುದು, ಇಷ್ಟದ ವಿಷಯದ ಬಗ್ಗೆಯೂ ಮಾತಾಡದಿರುವುದು ಕಂಡರೆ ಅದು ದಣಿವು. ಸೋಮಾರಿತನ ಎಂದು ಬೈದರೆ ಇನ್ನಷ್ಟು ಕುಸಿಯುತ್ತಾರೆ. ಆಗ ಕೋರ್ಸು ತಪ್ಪಾಯಿತೋ, ಬಸ್ಸು-ಹಾಸ್ಟೆಲ್ಲಿನ ಭಾರ ಹೆಚ್ಚಾಯಿತೋ ಎಂದು ಬೇರೆ ಬೇರೆ ಮಾಡಿ ನೋಡ್ರಿ. ಎಂಟು ದಿನ ಮನೆಯಲ್ಲಿ ಸುಮ್ಮನೆ ಬಿಟ್ಟಾಗ ತಾನಾಗಿಯೇ ಆ ವಿಷಯದ ಪುಸ್ತಕ ತೆಗೆದರೆ ಕೋರ್ಸ್ ಸರಿ ಇದೆ, ರೂಮ್ ಬದಲಿಸ್ರಿ. ತೆಗೆಯದಿದ್ದರೆ ಕಾಲೇಜಿನ ಆಫೀಸಿಗೆ ಹೋಗಿ ಬ್ರಾಂಚ್ ಬದಲಾವಣೆ, ಟಿಸಿ, ಫೀ ವಾಪಸಿನ ಕೊನೆಯ ತಾರೀಖು ಬರೆದುಕೊಂಡು ಬರ್ರಿ.