ಸುರಾದ ಕೆಸರು ಖಾಲಿ ಜಾಗವಲ್ಲ

ದಕ್ಷಿಣ ಕೊರಿಯಾದ ಪಶ್ಚಿಮ ಕರಾವಳಿಯಲ್ಲಿ ಸುರಾ ಎಂಬ ಕೆಸರುಬಯಲಿದೆ. ಇದು ಸೇರಿರುವ ಸೇಮಾಂಗಮ್ ಎಂಬ ಅಳಿವೆ ಪ್ರದೇಶದಲ್ಲಿ 33 ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿ 2006ರಲ್ಲಿ ಅಳಿವೆಯ ಬಾಯಿ ಮುಚ್ಚಿದರು. ಅಂದು ಹೋದದ್ದು ಹೋಗಿ ಉಳಿದಿರುವ ಕೊನೆಯ ತುಣುಕು ಇದು. ಗೋಡೆಯ ತೂಬುಗಳಿಂದ ಬರುವ ಅಷ್ಟಿಷ್ಟು ಉಪ್ಪುನೀರಿನಲ್ಲೇ ಜೀವ ಹಿಡಿದುಕೊಂಡಿದೆ. ಈಗ ಸರ್ಕಾರಕ್ಕೆ ಇದರ ಮೇಲೆ ವಿಮಾನ ನಿಲ್ದಾಣ ಬೇಕಂತೆ. ಪಕ್ಕದ ಗುನ್ಸಾನ್‌ನಲ್ಲಿ ಈಗಾಗಲೇ ಒಂದಿದೆ! "ಪಾಳು ಜೌಗು ತಾನೇ, ಅಲ್ಲೇನಿದೆ?" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಏನಿದೆ ಎಂಬುದು ಗಾಡ್‌ವಿಟ್ ಎಂಬ ವಲಸೆ ಹಕ್ಕಿಗೆ ಗೊತ್ತು. ಇಳಿತದ ಹೊತ್ತಿನಲ್ಲಿ ಅದು ತನ್ನ ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸುತ್ತದೆ. ಒಳಗೆ ಹುಳುವೊಂದು ತಾಗಿದರೆ ಸಾಕು, ಕೊಕ್ಕಿನ ತುದಿಯನ್ನಷ್ಟೇ ತೆರೆದು ಹಿಡಿದೆಳೆಯುತ್ತದೆ. ಹೀಗೆ ಒಂದೊಂದಾಗಿ ಹೆಕ್ಕಿ ತಿಂದು ಮೈಗೆ ಕೊಬ್ಬು ಕೂಡಿಸಿಕೊಳ್ಳುತ್ತದೆ. 2022ರಲ್ಲಿ ಪಟ್ಟೆಬಾಲದ ಗಾಡ್‌ವಿಟ್ ಒಂದು, ಹುಟ್ಟಿ ಐದೇ ತಿಂಗಳಾಗಿದ್ದದ್ದು, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರನ್ನು 11 ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿತು. ಇವು ಉತ್ತರಕ್ಕೆ ಮರಳುವಾಗ ನಡುವೆ ಇಳಿದು ಹೊಟ್ಟೆ ತುಂಬಿಸಿಕೊಳ್ಳುವುದು ಹಳದಿ ಸಮುದ್ರದ ದಡದ ಕೆಸರಿನಲ್ಲಿ.

"ಬೇರೆ ಕಡೆ ಹೋಗುತ್ತವೆ ಬಿಡಿ" ಎಂಬ ಮಾತನ್ನು ಸೇಮಾಂಗಮ್‌ನಲ್ಲೂ ಹೇಳಿದ್ದರು. ಗೋಡೆ ಎದ್ದ ಮೇಲೆ ಅಲ್ಲಿಗೆ ಬರುತ್ತಿದ್ದ ಹತ್ತಾರು ಸಾವಿರ ಗ್ರೇಟ್ ನಾಟ್ ಹಕ್ಕಿಗಳು ಅಕ್ಕಪಕ್ಕದ ಬಯಲುಗಳಿಗೆ ಹೋಗಿ ಸೇರಲಿಲ್ಲ. ಅವು ಚಳಿಗಾಲ ಕಳೆಯುವ ಆಸ್ಟ್ರೇಲಿಯಾದಲ್ಲೂ ಎಣಿಕೆ ಕುಸಿಯಿತು. ಅಂದರೆ ಸತ್ತುಹೋದವು.

ಹಕ್ಕಿಗಳ ಗೊಡವೆ ಬೇಡ ಎನ್ನುವವರು ಮನುಷ್ಯರನ್ನಾದರೂ ನೆನೆಯಲಿ. ಅದೇ ಕರಾವಳಿಯ ಮುಆನ್ ವಿಮಾನ ನಿಲ್ದಾಣದಲ್ಲಿ 2024ರ ಡಿಸೆಂಬರ್ 29ರಂದು ವಿಮಾನ ಅಪಘಾತದಲ್ಲಿ 179 ಮಂದಿ ಸತ್ತರು. ವಿಮಾನದ ಎರಡೂ ಎಂಜಿನ್‌ಗಳಲ್ಲಿ ಬೈಕಲ್ ಬಾತುಗಳ ಗರಿ, ರಕ್ತ ಸಿಕ್ಕವು. ರನ್‌ವೇ ಕೊನೆಯಲ್ಲಿದ್ದ ಕಾಂಕ್ರೀಟ್ ದಿಬ್ಬಕ್ಕೆ ವಿಮಾನ ಅಪ್ಪಳಿಸಿತು ಎಂಬುದೂ ನಿಜ. ಆದರೂ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುವಲ್ಲಿಗೇ ವಿಮಾನಗಳನ್ನೂ ಇಳಿಸಲು ಹೊರಡುವುದು ಎಂಥ ಬುದ್ಧಿ?

ಸುಮಾರು 1,300 ನಾಗರಿಕರು ದಾವೆ ಹೂಡಿದರು. ಹಕ್ಕಿ ಡಿಕ್ಕಿಯ ಅಪಾಯವನ್ನು ಸರಿಯಾಗಿ ತೂಗಿಲ್ಲವೆಂದು ರಾಜಧಾನಿ ಸೋಲ್‌ನ ಆಡಳಿತ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ಯೋಜನೆಯನ್ನು ರದ್ದುಪಡಿಸಿತು. ಸುದ್ದಿ ಓದಿ ಕಣ್ಣು ತುಂಬಿತು. ಸರ್ಕಾರ ಮೇಲ್ಮನವಿಗೆ ಹೋಗಿದೆ. ಅದು ಅಲ್ಲೂ ಸೋಲಲಿ. ಆಮೇಲೆ ಆ ತೂಬುಗಳನ್ನು ಪೂರ್ತಿ ತೆರೆದು ಸುರಾಕ್ಕೆ ದಿನಕ್ಕೆರಡು ಬಾರಿ ಉಬ್ಬರದ ನೀರು ಹರಿಸಲಿ.