ಕೈಗವಸು ತೊಟ್ಟ ಕ್ರಿಸ್ಮಸ್

ದೀಪಾವಳಿಯ ಗೂಡುದೀಪ ಇನ್ನೂ ಅಟ್ಟದಿಂದ ಇಳಿದಿರುವುದಿಲ್ಲ, ತುಳಸಿ ಪೂಜೆಯ ನೆಲ್ಲಿಕೊಂಬೆ ಪೇಟೆಗೆ ಬಂದಿರುವುದಿಲ್ಲ, ಅಷ್ಟರಲ್ಲಿಯೇ ಮಂಗಳೂರಿನ ದೊಡ್ಡ ಹೋಟೆಲುಗಳಿಗೆ ಕ್ರಿಸ್ಮಸ್ ನೆನಪಾಗುತ್ತದೆ. ಕ್ರಿಸ್ತ ಹುಟ್ಟುವುದಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಊರಿನ ಗಣ್ಯರನ್ನು ಕರೆಸಿ, ಅವರಿಂದ ದ್ರಾಕ್ಷಿ ಗೋಡಂಬಿ ಕಲಸುವ ಕಾರ್ಯವನ್ನು ವಿಧ್ಯುಕ್ತವಾಗಿ ನೆರವೇರಿಸಲಾಗುತ್ತದೆ. ಇದಕ್ಕೆ ‘ಕೇಕ್ ಮಿಕ್ಸಿಂಗ್ ಸಮಾರಂಭ’ ಎಂದು ಹೆಸರು. ಸೇತುವೆ, ಚರಂಡಿ, ಬಸ್ ತಂಗುದಾಣ ಇವೆಲ್ಲಕ್ಕೂ ಉದ್ಘಾಟಕರು ಸಿಗುವ ನಾಡಿನಲ್ಲಿ ಒಣದ್ರಾಕ್ಷಿ ಮಾತ್ರ ಉದ್ಘಾಟನೆಯಿಲ್ಲದೆ ಕೇಕಿನೊಳಕ್ಕೆ ಹೋಗಬೇಕೆಂಬ ನಿಯಮವೇನೂ ಇಲ್ಲವಲ್ಲ.

ಒಮ್ಮೆ ನನಗೂ ಅಂಥದೊಂದು ಆಮಂತ್ರಣ ಬಂದಿತ್ತು. ನಿವೃತ್ತ ಶಾಲಾ ಮಾಷ್ಟ್ರನಿಗೆ ಅಲ್ಲೇನು ಕೆಲಸವೆಂದರೆ, ಕರೆದವನು ನನ್ನ ಹಳೆಯ ಶಿಷ್ಯ, ಮತ್ತು ಪಟ್ಟಿಯಲ್ಲಿದ್ದ ಒಬ್ಬ ಗಣ್ಯರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಸಭಾಂಗಣದ ನಡುವೆ ಉದ್ದನೆಯ ಮೇಜು. ಅದರ ಮೇಲೆ ಕಪ್ಪು ದ್ರಾಕ್ಷಿ, ಬಿಳಿ ದ್ರಾಕ್ಷಿ, ಗೋಡಂಬಿ, ಬಾದಾಮಿ, ಖರ್ಜೂರ, ಅಂಜೂರ, ಚೆರ್ರಿ, ಸಕ್ಕರೆಯಲ್ಲಿ ಕುದಿಸಿದ ಕಿತ್ತಳೆ ಸಿಪ್ಪೆಗಳನ್ನು ರಂಗೋಲಿಯಂತೆ ಹರಡಲಾಗಿತ್ತು. ಬಾಗಿಲಲ್ಲಿಯೇ ಪ್ರತಿಯೊಬ್ಬರಿಗೂ ಒಂದು ಏಪ್ರನ್, ಒಂದು ಜೊತೆ ಪ್ಲಾಸ್ಟಿಕ್ ಕೈಗವಸು, ಒಂದು ಉದ್ದನೆಯ ಬಿಳಿ ಟೊಪ್ಪಿ ಕೊಟ್ಟರು. ಆ ಟೊಪ್ಪಿಗೆ ಎಂಥದೋ ಶಕ್ತಿಯಿದೆ. ಮನೆಯಲ್ಲಿ ಗ್ಯಾಸ್ ಒಲೆಯ ಗುಬ್ಬಿಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ತಿಳಿಯದವರ ಮುಖದಲ್ಲಿಯೂ ಅದು ತಲೆಗೇರಿದ ಕ್ಷಣ ಪಾಕಪ್ರವೀಣನ ಗಾಂಭೀರ್ಯ ಮೂಡುತ್ತದೆ. ಇಬ್ಬರು ಬಿಲ್ಡರುಗಳು, ಒಬ್ಬ ಮೂಳೆತಜ್ಞರು, ಒಬ್ಬ ಮಾಜಿ ಕಾರ್ಪೊರೇಟರು, ಯಾವುದೋ ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದ ಒಬ್ಬಾಕೆ ಹಾಗೂ ಖಾಲಿ ಬಿದ್ದ ಜಾಗಕ್ಕೆ ಭರ್ತಿಯಾದ ನಾನು ಮೇಜಿನ ಸುತ್ತ ನಿಂತೆವು. ಇದು ಹದಿನೇಳನೆಯ ಶತಮಾನದ ಯುರೋಪಿನಿಂದ ಬಂದ ಪವಿತ್ರ ಪರಂಪರೆಯೆಂದು ನಿರೂಪಕಿ ಘೋಷಿಸಿದರು. ಬಳಿಕ ಮೂರರಿಂದ ಒಂದಕ್ಕೆ ಹಿಂದೆ ಎಣಿಸಿದರು, ಮತ್ತು ನಾವೆಲ್ಲರೂ ರಮ್ ಹಾಗೂ ಬ್ರಾಂದಿಯ ಬಾಟಲಿಗಳನ್ನು ದ್ರಾಕ್ಷಿಯ ಮೇಲೆ ಬಗ್ಗಿಸಿ ಛಾಯಾಗ್ರಾಹಕನ ಕಡೆಗೆ ನಕ್ಕೆವು. ಅವನು ಇನ್ನೊಮ್ಮೆ ಎಂದ. ಬಾಟಲಿಗಳು ಖಾಲಿಯಾಗಿದ್ದುದರಿಂದ ಎರಡನೆಯ ಸಲ ನಾವು ಸುರಿದದ್ದು ಬರೀ ಭಾವವನ್ನು.

ಹನ್ನೊಂದು ನಿಮಿಷದಲ್ಲಿ ಪರಂಪರೆ ಪೂರ್ಣಗೊಂಡು ಜನ ಬಫೆಯ ಕಡೆಗೆ ನಡೆದರು. ಗೋಡೆಗೆ ಒರಗಿ ನಿಂತ ಮೂವರು ಮಾತ್ರ ಅಲ್ಲಿಯೇ ಉಳಿದಿದ್ದರು. ಅವರ ತಲೆಯ ಮೇಲೂ ನಮ್ಮಂಥದೇ ಟೊಪ್ಪಿಯಿತ್ತು, ಆದರೆ ಅದಕ್ಕೆ ಎಣ್ಣೆಯ ಕಲೆ ಹಿಡಿದಿತ್ತು. ಈ ರಾಶಿಗೆ ಇನ್ನು ಮುಂದೇನು ಎಂದು ಅವರಲ್ಲೊಬ್ಬನನ್ನು ಕೇಳಿದೆ. ಅವನು ಆಚೀಚೆ ನೋಡಿ, “ಇನ್ನು ನಾವು ಸರಿಯಾಗಿ ಕಲಸಬೇಕು ಸಾರ್. ಮೊದಲು ಉಂಗುರ ಗಿಂಗುರ ಏನಾದ್ರೂ ಬಿದ್ದಿದ್ದು ಉಂಟಾ ಅಂತ ಹುಡುಕಬೇಕು” ಎಂದ.

ಆ ರಾಶಿಯಲ್ಲಿ ಹುಡುಕಬೇಕಾದದ್ದು ಉಂಗುರವೊಂದೇ ಅಲ್ಲ, ಪ್ಲಮ್ ಹಣ್ಣೂ ಹೌದು. ಪ್ಲಮ್ ಕೇಕ್ ಎಂದು ಕರೆಸಿಕೊಳ್ಳುವ ಈ ತಿಂಡಿಯಲ್ಲಿ ಪ್ಲಮ್ ಇರುವುದಿಲ್ಲ. ಹಳೆಯ ಕಾಲದ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೇ ಪ್ಲಮ್ ಎನ್ನುತ್ತಿದ್ದರು, ಹೆಸರು ಉಳಿದುಕೊಂಡಿತು. ಮೇಜಿನ ಮೇಲೆ ಮಾಣಿಕ್ಯ ಪಚ್ಚೆಗಳಂತೆ ಹೊಳೆಯುತ್ತಿದ್ದ, ಇಟಲಿಯ ಹೆಸರು ಹೊತ್ತ ಟೂಟಿ ಫ್ರೂಟಿಯಾದರೋ ನಮ್ಮ ಹಿತ್ತಿಲಿನ ಬಪ್ಪಂಗಾಯಿಯೇ. ಕಾಯಿ ಪಪ್ಪಾಯಿಯನ್ನು ಸಣ್ಣಗೆ ಹೆಚ್ಚಿ, ಸಕ್ಕರೆ ಪಾಕದಲ್ಲಿ ಕುದಿಸಿ, ಕೆಂಪು ಹಸಿರು ಬಣ್ಣ ಹಾಕಿದರೆ ಅದು ಆಗುತ್ತದೆ. ಮನೆಯಲ್ಲಿ ಬಪ್ಪಂಗಾಯಿ ಪಲ್ಯ ಬಡಿಸಿದರೆ ಮುಖ ಸಿಂಡರಿಸುವವರು ಅದೇ ಕಾಯಿಗೆ ರಮ್ಮಿನ ಅಭಿಷೇಕ ಮಾಡಿ ಫೋಟೋ ತೆಗೆಸಿಕೊಂಡದ್ದನ್ನು ಆ ಬಡ ಕಾಯಿಯ ಪುಣ್ಯವೆಂದೇ ಹೇಳಬೇಕು. ಈಚೆಗೆ ಕೆಲವು ಕಾಲೇಜುಗಳಲ್ಲಿಯೂ ಈ ವಿಧಿ ನಡೆಯುತ್ತದೆ. ಅಲ್ಲಿ ವಿದ್ಯಾರ್ಥಿಗಳ ಶೀಲಕ್ಕೆ ಧಕ್ಕೆಯಾಗದಿರಲೆಂದು ಮದ್ಯದ ಬದಲು ದ್ರಾಕ್ಷಾರಸ ಸುರಿಯುತ್ತಾರೆ. ಆ ರಸವನ್ನು ಕರಾವಳಿಯ ಸೆಕೆಯಲ್ಲಿ ಕೆಲವು ವಾರ ಹೊರಗೆ ಬಿಟ್ಟರೆ ಅದು ಯಾರ ಅಪ್ಪಣೆಯನ್ನೂ ಕೇಳದೆ ತಾನಾಗಿಯೇ ಮದ್ಯವಾಗುತ್ತದೆ ಎಂಬುದನ್ನು ಅಲ್ಲಿನ ರಸಾಯನಶಾಸ್ತ್ರ ವಿಭಾಗ ಇನ್ನೂ ಆಡಳಿತ ಮಂಡಳಿಗೆ ತಿಳಿಸಿದಂತಿಲ್ಲ.

ಪರಂಪರೆ ಇಲ್ಲವೆಂದಲ್ಲ. ಆಂಗ್ಲಿಕನ್ ಚರ್ಚಿನ 1549ರ ಪ್ರಾರ್ಥನಾ ಪುಸ್ತಕದಲ್ಲಿ ಕ್ರಿಸ್ಮಸ್ ಪೂರ್ವದ ಆಗಮನ ಕಾಲ ಶುರುವಾಗುವುದಕ್ಕೆ ಹಿಂದಿನ ಭಾನುವಾರಕ್ಕೆಂದು ಒಂದು ಪ್ರಾರ್ಥನೆಯಿದೆ. “ನಿನ್ನ ಜನರ ಮನಸ್ಸನ್ನು ಕದಡಿ ಎಬ್ಬಿಸು” ಎಂಬುದು ಅದರ ಭಾವ. ‘ಕದಡು’ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂಗ್ಲೆಂಡಿನ ಗೃಹಿಣಿಯರಿಗೆ ಪುಡ್ಡಿಂಗ್ ನೆನಪಾಗುತ್ತಿತ್ತು. ಮನೆಗೆ ಹೋಗಿ ಹಿಟ್ಟು, ಹಣ್ಣು ಕೂಡಿಸಿಟ್ಟರೆ, ಅಜ್ಜನಿಂದ ಕೂಸಿನವರೆಗೆ ಪ್ರತಿಯೊಬ್ಬರೂ ಒಂದೊಂದು ಸುತ್ತು ಸೌಟು ತಿರುಗಿಸಿ ಮನಸ್ಸಿನಲ್ಲಿ ಏನಾದರೊಂದನ್ನು ಬೇಡಿಕೊಳ್ಳುತ್ತಿದ್ದರು. ಕೂಸು ಕ್ರಿಸ್ತನನ್ನು ನೋಡಲು ಬಂದ ಮೂಡಣದ ಜ್ಞಾನಿಗಳ ನೆನಪಿಗಾಗಿ ಸೌಟು ಪೂರ್ವದಿಂದ ಪಶ್ಚಿಮಕ್ಕೆ ತಿರುಗಬೇಕೆಂಬ ಕಟ್ಟಳೆಯೂ ಇತ್ತು. ಕಲಸಿದವರೇ ಅದನ್ನು ಬೇಯಿಸುತ್ತಿದ್ದರು, ಬೇಯಿಸಿದವರೇ ತಿನ್ನುತ್ತಿದ್ದರು. ಹೋಟೆಲಿನ ಪರಂಪರೆಯಲ್ಲಿ ಕಲಸಿದವನು ಬೇಯಿಸುವುದಿಲ್ಲ, ಬೇಯಿಸಿದವನು ತಿನ್ನುವುದಿಲ್ಲ, ತಿನ್ನುವವನು ಬಿಲ್ಲು ಕೊಡುತ್ತಾನೆ. ನಮಗೆ ಹತ್ತಿರದ ತಲಶ್ಶೇರಿಯಲ್ಲಿ 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಒಡೆಯ ಇಂಗ್ಲೆಂಡಿನ ಕೇಕೊಂದನ್ನು ಬೇಕರಿಯ ಮಾಂಬಳ್ಳಿ ಬಾಪು ಅವರ ಮುಂದಿಟ್ಟು, ಇಂಥದೇ ಒಂದನ್ನು ಮಾಡಿಕೊಡಲು ಹೇಳಿದನೆಂದು ಪ್ರತೀತಿ. ಬಾಪು ಕಮ್ಮಾರನಿಂದ ಅಚ್ಚು ಮಾಡಿಸಿ, ಮಲಬಾರಿನ ಮಸಾಲೆ ಕೂಡಿಸಿ, ಬ್ರಾಂದಿಯ ಬದಲು ಗೇರುಹಣ್ಣಿನ ಸ್ಥಳೀಯ ಸಾರಾಯಿ ಬೆರೆಸಿ ಕೇಕು ಮಾಡಿಯೇಬಿಟ್ಟರಂತೆ. ಟೊಪ್ಪಿ ಹಂಚಿದ ಉಲ್ಲೇಖ ಆ ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ನಮ್ಮೂರಿನ ಕ್ರಿಸ್ಮಸ್ಸಿಗೆ ಕೇಕು ಹೇಗಿದ್ದರೂ ನಂತರ ಬಂದ ನೆಂಟ. ಮನೆಯ ಮಗ ಕುಸ್ವಾರ್. ಮಂಗಳೂರಿನ ಕೊಂಕಣಿ ಕ್ರೈಸ್ತರು ಹಬ್ಬಕ್ಕೆಂದು ಮಾಡುವ ತಿಂಡಿಗಳ ಒಟ್ಟು ಹೆಸರದು, ಮತ್ತು ಅದರ ವಿಷಯದಲ್ಲಿ ನಾನು ಅಧಿಕಾರವಾಣಿಯಿಂದ ಮಾತಾಡಬಲ್ಲೆ. ಏಕೆಂದರೆ ಬಾಯಮ್ಮನ ಮನೆಯಿಂದ ನಲವತ್ತು ವರ್ಷಗಳಿಂದ ತಪ್ಪದೆ ಅದರ ತಟ್ಟೆ ನಮ್ಮ ಮನೆಗೆ ಬರುತ್ತಿದೆ. ಆಗ ನಮ್ಮದು ಅಕ್ಕಪಕ್ಕದ ಹೆಂಚಿನ ಮನೆಗಳು. ಈಗ ಅದೇ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಬಾಗಿಲು. ಡಿಸೆಂಬರ್ ಹತ್ತು ದಾಟಿತೆಂದರೆ ಬಾಯಮ್ಮ ನಮ್ಮ ಬಾಗಿಲು ತಟ್ಟಿ, “ಮಾಷ್ಟ್ರೇ, ಹಳೇ ಪೇಪರು ಉಂಟಾ?” ಎಂದು ಕೇಳುತ್ತಾರೆ. ಅದೇ ಸೂಚನೆ. ಎಣ್ಣೆ ಹೀರುವುದಕ್ಕೆ ಅವರಿಗೆ ಪೇಪರು ಬೇಕು. ಅಚ್ಚಿನ ಶಾಯಿ ಆಹಾರಕ್ಕೆ ತಾಗಬಾರದೆಂಬ ಎಚ್ಚರಿಕೆ ಬಂದ ಮೇಲೆ ಪೇಪರಿನ ಮೇಲೊಂದು ಬಿಳಿ ಬಟ್ಟೆ ಹಾಸುತ್ತಾರೆ, ಆದರೂ ಕೆಳಗೆ ಪೇಪರು ಇಲ್ಲದೆ ಕೈ ಓಡುವುದಿಲ್ಲವಂತೆ.

ಅಲ್ಲಿಂದ ಎರಡು ವಾರ ಆ ಮನೆ ಒಂದು ಕಾರ್ಖಾನೆ. ಕಿಡಿಯೊ ಎಂದರೆ ಹುಳುಗಳು. ಚಿಟಿಕೆ ಹಿಟ್ಟನ್ನು ಫೋರ್ಕಿನ ಬೆನ್ನಿನ ಮೇಲೋ, ಅದಕ್ಕೆಂದೇ ಎತ್ತಿಟ್ಟ ಬಾಚಣಿಗೆಯ ಮೇಲೋ ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಒಂದು ಡಬ್ಬ ತುಂಬಬೇಕಾದರೆ ಎಷ್ಟು ನೂರು ಸಲ ಆ ಹೆಬ್ಬೆರಳು ಒತ್ತಬೇಕೆಂದು ಲೆಕ್ಕ ಮಾಡಲು ಹೋಗಿ ನಾನೇ ಸೋತಿದ್ದೇನೆ. ನೆವ್ರಿ ನಮ್ಮ ಕರ್ಜಿಕಾಯಿಯ ಸ್ವಂತ ಸೋದರಿ. ಹುರಿದ ಎಳ್ಳು, ಕಾಯಿ, ಏಲಕ್ಕಿಯ ಹೂರಣ ತುಂಬಿ ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸುತ್ತಾರೆ. ಅಕ್ಕಿಹಿಟ್ಟು ತೆಂಗಿನ ಹಾಲಿನ ಗುಳಿಯೊ ಗೋಲಿಯಷ್ಟೇ ಗಾತ್ರದ್ದು. ಹಿಟ್ಟಿನ ಹದ ತಪ್ಪಿದರೆ ಎಣ್ಣೆಯಲ್ಲಿ ಪಟಾಕಿಯಂತೆ ಸಿಡಿಯುತ್ತದೆ. ಗುಲಾಬಿ ಹೂವಿನ ಅಚ್ಚಿನ ಕೊಕಿಸಾಂ ಎಲ್ಲಕ್ಕಿಂತ ಹಟಮಾರಿ. ಅಚ್ಚು ಎಣ್ಣೆಯಲ್ಲಿ ಕಾದಿರಬೇಕು, ಕಾದ ಅಚ್ಚು ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಮುಳುಗಬೇಕು. ಮೇಲಂಚಿನ ತನಕ ಮುಳುಗಿತೋ, ಹೂವು ಅಚ್ಚನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಈ ನಡುವೆ ದುಬೈಯಿಂದ ಬಂದ ಮಗ ಬಾಲ್ಕನಿಗೆ ನಕ್ಷತ್ರ ಕಟ್ಟುತ್ತಾನೆ, ಮೊಮ್ಮಕ್ಕಳು ಕ್ರಿಸ್ತ ಹುಟ್ಟಿದ ದೃಶ್ಯ ತೋರಿಸುವ ಗೋದಲಿಯ ಗದ್ದೆಗೆಂದು ತಟ್ಟೆಯಲ್ಲಿ ಭತ್ತ ಮೊಳಕೆ ಹಾಕುತ್ತಾರೆ, ಸೊಸೆ ಮತ್ತು ಅತ್ತೆ ಏಲಕ್ಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಿಷಯದಲ್ಲಿ ವರ್ಷಕ್ಕೊಮ್ಮೆ ಬರುವ ಜಗಳವನ್ನು ಶ್ರದ್ಧೆಯಿಂದ ಮುಗಿಸುತ್ತಾರೆ.

ಹೋಟೆಲಿನ ಫೋಟೋ ಪತ್ರಿಕೆಯಲ್ಲಿ ಬಂದ ವರ್ಷವೇ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ ಜ್ಞಾನೋದಯವಾಯಿತು. ಕೇಕಿಗೆ ಇಷ್ಟು ಮರ್ಯಾದೆಯಿರುವಾಗ ನಮ್ಮ ಮಣ್ಣಿನ ಕುಸ್ವಾರಿಗೆ ಏಕಿಲ್ಲ ಎಂದು ಅವರು ಕೇಳಿದ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ, ಆದ್ದರಿಂದ ‘ಕುಸ್ವಾರ್ ಮಿಕ್ಸಿಂಗ್ ಮಹೋತ್ಸವ’ ಸರ್ವಾನುಮತದಿಂದ ಅಂಗೀಕಾರವಾಯಿತು. ಸ್ವಾಗತಕ್ಕೊಂದು, ವೇದಿಕೆಗೊಂದು, ಫೋಟೋಗೊಂದು, ಹಿಮಕ್ಕೊಂದು, ವಂದನಾರ್ಪಣೆಗೊಂದು ಎಂದು ಐದು ಉಪಸಮಿತಿಗಳಾದವು. ಹಿಮ ಎಂದರೆ ಹತ್ತಿ. ಹೊರಗೆ 32 ಡಿಗ್ರಿ ಬಿಸಿಲಿರುವಾಗ ಪ್ಲಾಸ್ಟಿಕ್ ಮರದ ಮೇಲೆ ಹತ್ತಿ ಅಂಟಿಸುವುದಕ್ಕೂ ಒಂದು ಸಮಿತಿ ಬೇಕಾಗುತ್ತದೆ. ಎಣ್ಣೆ ಕಾಯಿಸುವವರು ಯಾರೆಂಬುದು ಕಾರ್ಯಸೂಚಿಯಲ್ಲಿರಲಿಲ್ಲ. ಫೋಟೋ ಉಪಸಮಿತಿ ಎತ್ತಿದ ಆಕ್ಷೇಪ ಮಾತ್ರ ಗಂಭೀರವಾಗಿತ್ತು: ಕುಸ್ವಾರಿನಲ್ಲಿ ಸುರಿಯುವಂಥದ್ದೇನೂ ಇಲ್ಲ, ಸುರಿಯದಿದ್ದರೆ ಫೋಟೋದಲ್ಲಿ ಏನು ಕಾಣುತ್ತದೆ? ದೀರ್ಘ ಚರ್ಚೆಯ ಬಳಿಕ ತೆಂಗಿನ ಹಾಲನ್ನು ಖಾಲಿ ಬಾಟಲಿಗಳಿಗೆ ತುಂಬಿ, ಬಾಟಲಿಯಿಂದಲೇ ಸುರಿಯುವುದೆಂದು ತೀರ್ಮಾನವಾಯಿತು.

ಮಹೋತ್ಸವದ ದಿನ ಬ್ಯಾನರಿನಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಬಾಯಮ್ಮನದು ಇರಲಿಲ್ಲ, ಅವರು ‘ತಾಂತ್ರಿಕ ಸಹಕಾರ’ ಎಂಬ ಶೀರ್ಷಿಕೆಯೊಳಗೆ ಅಡಕವಾಗಿದ್ದರು. ಮುಖ್ಯ ಅತಿಥಿಗಳು ಸೌಹಾರ್ದದ ಬಗ್ಗೆ ನಲವತ್ತು ನಿಮಿಷ ಮಾತನಾಡಿದರು, ಅಷ್ಟೂ ಹೊತ್ತು ಬಾಣಲೆಯ ಎಣ್ಣೆ ಕಾಯುತ್ತಲೇ ಇತ್ತು. ಹಬ್ಬದ ತಟ್ಟೆ ಎದುರು ಮನೆಗೆ ಹೋಗಿ, ಚೌತಿಗೂ ದೀಪಾವಳಿಗೂ ಬೇರೆ ತಿಂಡಿ ತುಂಬಿಕೊಂಡು ವಾಪಸು ಬರುವ ಊರಿನಲ್ಲಿ ಸೌಹಾರ್ದಕ್ಕೆ ನಲವತ್ತು ನಿಮಿಷದ ವಿವರಣೆ ಏಕೆ ಬೇಕಾಯಿತೆಂದು ನನಗೆ ತಿಳಿಯಲಿಲ್ಲ. ಬಳಿಕ ಅತಿಥಿಗಳು ಕೈಗವಸು ತೊಟ್ಟು ಕಿಡಿಯೊ ಒತ್ತಲು ಹೋದರು; ಹಿಟ್ಟು ಫೋರ್ಕನ್ನು ಬಿಟ್ಟು ಕೈಗವಸಿಗೆ ಅಂಟಿತು. ಅಚ್ಚು ಹಿಡಿದು ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಿದರು. ಹೂವು ಅಚ್ಚನ್ನು ಬಿಡಲಿಲ್ಲ, ಅತಿಥಿಗಳು ಅಚ್ಚಿನ ಹಿಡಿಯನ್ನು ಬಿಡಲಿಲ್ಲ, ಛಾಯಾಗ್ರಾಹಕ ಇಬ್ಬರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಉಪಾಧ್ಯಕ್ಷರು ಉತ್ಸಾಹದಿಂದ ಕಟ್ಟಿದ ನಿಂಬೆಗಾತ್ರದ ಗುಳಿಯೊ ಒಂದು ಆ ಎಣ್ಣೆಯಲ್ಲಿ ದೊಡ್ಡ ಸದ್ದಿನೊಂದಿಗೆ ಸಿಡಿಯಿತು. ಹದಿನಾಲ್ಕು ಟೊಪ್ಪಿಗಳು ಒಟ್ಟಿಗೆ ಮೇಜಿನ ಕೆಳಗೆ ಹೋದವು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಸಿಡಿದ ಎಣ್ಣೆಯನ್ನು ಹಿಮ ಹೀರಿಕೊಂಡಿತು.

ವಂದನಾರ್ಪಣೆಯ ನಂತರ ಬಾಯಮ್ಮ ಒಲೆಯ ಉರಿ ತಗ್ಗಿಸಿ, ಬಾಟಲಿಯಲ್ಲಿ ಉಳಿದಿದ್ದ ತೆಂಗಿನ ಹಾಲನ್ನು ಪಾತ್ರೆಗೆ ಬಗ್ಗಿಸಿಕೊಂಡು, ನನ್ನ ಕಡೆ ತಿರುಗಿ, “ಎಲ್ಲರನ್ನು ಊಟಕ್ಕೆ ಕರೆದುಕೊಂಡು ಹೋಗಿ ಮಾಷ್ಟ್ರೇ. ಇನ್ನು ನಾವು ಕೆಲಸ ಶುರು ಮಾಡ್ತೇವೆ” ಎಂದರು.

ಎರಡು ದಿನ ಬಿಟ್ಟು ಪತ್ರಿಕೆಯ ಸ್ಥಳೀಯ ಪುಟದಲ್ಲಿ ಬಣ್ಣದ ಫೋಟೋ ಬಂತು. ಅಡಿಯಲ್ಲಿ ಹದಿನಾಲ್ಕು ಹೆಸರು, ಎಡ ಅಂಚಿನಲ್ಲಿ ಯಾರದೋ ಅರ್ಧ ಮೊಣಕೈ. ಅದಕ್ಕೆ ಹಿಟ್ಟು ಮೆತ್ತಿದ್ದರಿಂದ ಯಾರದೆಂದು ನನಗೆ ತಿಳಿಯಿತು. ಅಧ್ಯಕ್ಷರು ಆ ಪುಟಕ್ಕೆ ಕಟ್ಟು ಹಾಕಿಸಿ ಲಿಫ್ಟಿನ ಪಕ್ಕ ನೇತುಹಾಕಿದರು. ನನ್ನ ಪ್ರತಿ ಎಂದಿನಂತೆ ಉಳಿದ ಹಳೆಯ ಪೇಪರುಗಳ ಜೊತೆ ಎದುರು ಮನೆಗೆ ಹೋಯಿತು. ಇಪ್ಪತ್ತನಾಲ್ಕರ ಸಂಜೆ ಹಬ್ಬದ ಶುಭಾಶಯ ಹೇಳಲು ಹೋದಾಗ ಅವರ ಅಡುಗೆಮನೆಯ ಮೇಜಿನ ಮೇಲೆ ಕಡೆಯ ಒಬ್ಬೆಯ ಕೊಕಿಸಾಂ ಬಿಳಿ ಬಟ್ಟೆಯ ಮೇಲೆ ಆರುತ್ತಿತ್ತು. ನಮ್ಮ ಮನೆಯ ತಟ್ಟೆಗೆ ಬಡಿಸಲೆಂದು ಬಾಯಮ್ಮ ಬಟ್ಟೆಯ ಮೂಲೆಯನ್ನು ಎತ್ತಿದರು. ಕೆಳಗಿನ ಪೇಪರಿನಲ್ಲಿ ಮುಖ್ಯ ಅತಿಥಿಗಳು ಎಣ್ಣೆ ಹೀರಿ ಗಾಜಿನಂತೆ ಪಾರದರ್ಶಕವಾಗಿದ್ದರು, ಅವರ ಟೊಪ್ಪಿಯ ಮೂಲಕ ಹಿಂದಿನ ಪುಟದ ಅಡಿಕೆ ಧಾರಣೆ ಸ್ಪಷ್ಟವಾಗಿ ಕಾಣುತ್ತಿತ್ತು.