ಓಮ್ ಹೆಚ್ಚಿದ್ದರೆ ಪಿಕಪ್ ಜೋರು ಎಂಬುದು ಸರಿಯಲ್ಲ

ಹಾರ್ಡ್ ರಾಕ್ ನುಡಿಸಲು 14 ಕಿಲೋ ಓಮ್‌ಗಿಂತ ಕಡಿಮೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತ ಮತ್ತು ಸುರುಳಿಯ ಭಾಗ) ಕೊಳ್ಳಲೇಬೇಡಿ ಎಂಬ ಸಲಹೆ ಗಿಟಾರ್ ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ತಪ್ಪು. ಓಮ್ ಹೇಳುವುದು ಸುರುಳಿಯ ರೋಧವನ್ನು ಮಾತ್ರ. ಸುತ್ತುಗಳು ಅಷ್ಟೇ ಇದ್ದರೂ ತಾಮ್ರದ ಎಳೆ ತೆಳ್ಳಗಾದರೆ ಆ ಅಂಕಿ ಏರುತ್ತದೆ. ಔಟ್‌ಪುಟ್ ನಿರ್ಧಾರವಾಗುವುದು ಸುತ್ತುಗಳ ಸಂಖ್ಯೆ, ಅಯಸ್ಕಾಂತ, ಗಿಟಾರಿನ ತಂತಿಗಳಿಗೂ ಪಿಕಪ್‌ಗೂ ಇರುವ ಅಂತರ, ಇವೆಲ್ಲ ಸೇರಿ.

ಎಸಿ/ಡಿಸಿ ರಾಕ್ ತಂಡದ ಮಾಲ್ಕಮ್ ಯಂಗ್ ಅವರನ್ನೇ ನೋಡಿ. ಅವರ ಗ್ರೆಚ್ ಗಿಟಾರಿನಲ್ಲಿದ್ದದ್ದು ಫಿಲ್ಟರ್‌ಟ್ರಾನ್; ಆ ಬಗೆಯ ಪಿಕಪ್ ಸಾಮಾನ್ಯವಾಗಿ 4 ಕಿಲೋ ಓಮ್ ಆಸುಪಾಸಿನದು! ಡೀಪ್ ಪರ್ಪಲ್‌ನ ರಿಚಿ ಬ್ಲ್ಯಾಕ್‌ಮೋರ್ ಸ್ಟ್ರಾಟೋಕಾಸ್ಟರ್‌ನ ಸಿಂಗಲ್ ಕಾಯಿಲ್‌ನಲ್ಲೇ (ಒಂದೇ ಸುರುಳಿಯ ಪಿಕಪ್) ಗುಡುಗಿದರು. ಆರ್ಭಟದ ದೊಡ್ಡ ಪಾಲು ಆಂಪ್ಲಿಫೈಯರ್‌ನದು.

ಆಂಪ್ಲಿಫೈಯರ್‌ನ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದಾಗ ಗುಂಯ್ ಎನ್ನುವ ಸದ್ದು ಕಾಡುತ್ತಿದ್ದರೆ ಆ ಸದ್ದು ತಗ್ಗಿಸುವ ಎರಡು ಸುರುಳಿಯ ಪಿಕಪ್ ಆದ ಹಂಬಕರ್ ಆರಿಸಿ, ಅದು ಒಪ್ಪುವಂಥ ಕಾರಣ. ಆದರೆ ಹಣ ಸುರಿಯುವ ಮುನ್ನ ಸ್ಕ್ರೂಡ್ರೈವರ್ ಹಿಡಿದು ಈಗಿರುವ ಪಿಕಪ್‌ನ ಎತ್ತರ ಬದಲಿಸಿ ಕೇಳಿ.